ಪ್ಯಾರಿಸ್‌ನಲ್ಲಿ ಒಂದು ತಿಂಗಳು: ಮೊದಲು ಮನೆ, ಆಮೇಲೆ ವಿಮಾನ

ನಮ್ಮ ನೆಂಟರಿಷ್ಟರಲ್ಲಿ ಪ್ಯಾರಿಸ್ ನೋಡಿ ಬಂದವರು ಬೇಕಾದಷ್ಟು ಜನ ಇದ್ದಾರೆ. ಮೂರು ದಿನ ಇದ್ದು, ಐಫೆಲ್ ಟವರ್ ಮುಂದೆ ಫೋಟೊ ತೆಗೆಸಿಕೊಂಡು ಮುಂದಿನ ಊರಿಗೆ ಹೋದವರೇ ಜಾಸ್ತಿ. ತಿಂಗಳಿಡೀ ಇದ್ದು ಬರೋಣ ಅಂತ ಹೊರಟ ಎರಡು ಮನೆಯವರು ಹದಿನೈದು ದಿನಕ್ಕೇ ದುಡ್ಡು ಕರಗಿಹೋಗಿ ಕಂಗಾಲಾಗಿದ್ದನ್ನೂ ನೋಡಿದ್ದೇನೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ಅದನ್ನು ಕೊಂಡರು, ಉಳಿಯುವ ಜಾಗವನ್ನು ಕೊನೆಗೆ ಹುಡುಕಿದರು. ಸಿಕ್ಕಿದ್ದು ಒಲೆ ಇಲ್ಲದ ಕೋಣೆ. ಸಾಧಾರಣ ಹೋಟೆಲ್‌ನಲ್ಲೂ ಒಂದು ಊಟಕ್ಕೆ ತಲೆಗೆ 15ರಿಂದ 20 ಯೂರೊ ಆಗುವ ಊರದು. ದಿನಕ್ಕೆರಡು ಸಲ ಹೊರಗೆ ತಿಂದರೆ ಯಾರ ಉಳಿತಾಯವೂ ನಿಲ್ಲುವುದಿಲ್ಲ.

ನಾನೂ ನನ್ನ ಹೆಂಡತಿಯೂ ಎರಡು ಸಲ ನವೆಂಬರ್ ಪೂರ್ತಿ ಅಲ್ಲಿದ್ದು ಬಂದಿದ್ದೇವೆ. ನಾವು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ತಾರೀಖು

ತಿಂಗಳ 1ನೇ ತಾರೀಖಿಗೆ ಇಳಿಯಿರಿ, ಅದೇ ತಿಂಗಳ ಕೊನೆಗೆ ಹೊರಡಿ. ಕಾರಣ ಮೆಟ್ರೊ ಪಾಸಿನ ವಿಷಯ ಬಂದಾಗ ಗೊತ್ತಾಗುತ್ತದೆ. ಜುಲೈ, ಆಗಸ್ಟ್ ಬೇಡ. ನವೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ, ಚಳಿ ಇರುತ್ತದೆ. ಆದರೆ ಬಾಡಿಗೆ ಇಳಿದಿರುತ್ತದೆ, ಮ್ಯೂಸಿಯಂ ಮುಂದಿನ ಸಾಲೂ ಕರಗಿರುತ್ತದೆ. ಒಳ್ಳೆಯ ಸ್ವೆಟರ್ ಇದ್ದರೆ ಸಾಕು.

ಮನೆ

ಇಲ್ಲಿ ಒಂದು ವಾರವಾದರೂ ಕೂತು ಹುಡುಕಬೇಕು. ಅವಸರ ಮಾಡಲೇಬೇಡಿ.

ಪ್ಯಾರಿಸ್‌ನಲ್ಲಿ 20 ವಾರ್ಡುಗಳಿವೆ. ಅಲ್ಲಿಯವರು ಅರೊಂದಿಸ್ಮಾ ಅನ್ನುತ್ತಾರೆ. ಊರ ನಡುವೆ 1ನೆಯದು, ಅಲ್ಲಿಂದ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ 20ರವರೆಗೆ ಹೋಗುತ್ತದೆ. ಪಿನ್‌ಕೋಡಿನ ಕೊನೆಯ ಎರಡಂಕಿಯೇ ವಾರ್ಡಿನ ನಂಬರ್. 75011 ಅಂದರೆ 11ನೇ ವಾರ್ಡ್. ಎಲ್ಲರೂ ಐಫೆಲ್ ಟವರ್ ಕಾಣುವ 7ನೇ ವಾರ್ಡಿಗೆ ಮುಗಿಬೀಳುತ್ತಾರೆ. ತಿಂಗಳು ಇರುವವರಿಗೆ ಅದು ಬೇಡ. 13, 19, 20 ನೋಡಿ. ಇನ್ನೂ ಉಳಿಸಬೇಕೆಂದರೆ ಊರ ಗಡಿ ದಾಟಿ ಮೊಂತ್ರೆಯ್ ಅಥವಾ ಪಾಂತಾಂ ನೋಡಿ. ಮೊಂತ್ರೆಯ್‌ಗೆ ಮೆಟ್ರೊ 9ನೇ ಲೈನ್, ಪಾಂತಾಂಗೆ 5ನೇ ಲೈನ್ ಹೋಗುತ್ತದೆ. 2015ರ ಸೆಪ್ಟೆಂಬರ್‌ನಿಂದ ತಿಂಗಳ ಪಾಸಿಗೆ ಎಲ್ಲ ವಲಯಕ್ಕೂ ಒಂದೇ ದರ. ಹಾಗಾಗಿ ಊರ ಹೊರಗಿದ್ದರೆ ಓಡಾಟಕ್ಕೆ ಒಂದು ಪೈಸೆಯೂ ಹೆಚ್ಚು ಬೀಳುವುದಿಲ್ಲ. ನನ್ನನ್ನು ಕೇಳಿದರೆ ಕಣ್ಣು ಮುಚ್ಚಿ ಮೊಂತ್ರೆಯ್ ಅನ್ನುತ್ತೇನೆ. ನಿಲ್ದಾಣಕ್ಕೆ ಐದು ನಿಮಿಷದ ನಡಿಗೆ ಇರಲಿ, ಅಷ್ಟೇ.

ಈಗ ಜಾಹೀರಾತು ಓದುವ ಬಗೆ. ಮೊದಲು ಚದರ ಮೀಟರ್ ನೋಡಿ. 20 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 215 ಚದರ ಅಡಿ. ಇಬ್ಬರಿಗೆ ಅದಕ್ಕಿಂತ ಚಿಕ್ಕದು ಬೇಡ. ಹಳೆಯ ಕಟ್ಟಡಗಳ ತುತ್ತತುದಿಯಲ್ಲಿ ಹಿಂದೆ ಮನೆಗೆಲಸದವರಿಗೆ ಅಂತ ಕಟ್ಟಿದ ಕೋಣೆಗಳಿವೆ. ಚಿತ್ರದಲ್ಲಿ ಬಲು ಚೆಂದ ಕಾಣುತ್ತವೆ, ಬಾಡಿಗೆಯೂ ಕಡಿಮೆ. ಆದರೆ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ, ಶೌಚಾಲಯ ಕಾರಿಡಾರಿನ ತುದಿಯಲ್ಲಿ ಎಲ್ಲರಿಗೂ ಒಂದೇ. ನಮ್ಮ ಭಾವನವರು ಅಂಥದ್ದೊಂದನ್ನು ಹಿಡಿದಿದ್ದರು. 23 ಕಿಲೊದ ಪೆಟ್ಟಿಗೆ ಹೊತ್ತು ಆರು ಮಹಡಿ ಹತ್ತಿದವರಿಗೆ ಸೊಂಟ ಹಿಡಿದು ಮೂರು ದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ಆಮೇಲೆ ಅಡುಗೆಯ ಜಾಗದ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಎರಡು ಒಲೆ ಇದೆಯಾ? ಇಂಡಕ್ಷನ್ನಾ, ಕಾಯಿಲ್ಲಾ? ಪಕ್ಕದಲ್ಲಿ ತೆರೆಯುವ ಕಿಟಕಿ ಇದೆಯಾ? ಇಲ್ಲದಿದ್ದರೆ ಒಂದು ಒಗ್ಗರಣೆಗೆ ಹಾಸಿಗೆ, ಕೋಟು ಎಲ್ಲಕ್ಕೂ ಇಂಗಿನ ವಾಸನೆ ಹಿಡಿಯುತ್ತದೆ. ಮೈಕ್ರೊವೇವ್ ಒಂದನ್ನೇ ಇಟ್ಟು ‘ಕಿಚನ್’ ಅಂತ ಬರೆದಿರುವುದನ್ನು ನಂಬಬೇಡಿ. ಬಟ್ಟೆ ಒಗೆಯುವ ಮೆಷಿನ್ ಬೇಕೇ ಬೇಕು. ಹಾಸಿಗೆ ‘ಕ್ಲಿಕ್-ಕ್ಲಾಕ್’ ಅಂತಿದ್ದರೆ ಅದು ಮಡಚುವ ಸೋಫಾ. ಎರಡು ರಾತ್ರಿಗೆ ಪರವಾಗಿಲ್ಲ, ಮೂವತ್ತು ರಾತ್ರಿಗೆ ಬೆನ್ನು ತಡೆಯುವುದಿಲ್ಲ.

ಪ್ರವಾಸಿಗರಿಗೆ ಕೊಡುವ ಮನೆಗೆ ನಗರಾಡಳಿತದ ನೋಂದಣಿ ಸಂಖ್ಯೆ ಇರಬೇಕು. ಜಾಹೀರಾತಿನಲ್ಲಿ ಅದು ಕಾಣದಿದ್ದರೆ ಬಿಟ್ಟುಬಿಡಿ. ‘ನಾನು ವಿದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಕೀಲಿ ಕೊರಿಯರ್ ಮಾಡುತ್ತೇನೆ’ ಅನ್ನುವವರು ಮೋಸಗಾರರು. ಹಣ ಏನಿದ್ದರೂ ಬುಕಿಂಗ್ ತಾಣದ ಮೂಲಕವೇ ಹೋಗಲಿ. ದರವನ್ನು ಒಂದು ರಾತ್ರಿಯ ಲೆಕ್ಕದಲ್ಲಿ ನೋಡಬೇಡಿ. ನಿಮ್ಮ ತಾರೀಖು ಹಾಕಿ, ಸ್ವಚ್ಛತೆಯ ಶುಲ್ಕ, ತೆರಿಗೆ ಎಲ್ಲ ಸೇರಿದ ಮೊತ್ತ ನೋಡಿ. 28 ದಿನ ದಾಟಿದರೆ ಬಹಳ ಮಾಲೀಕರು ತಿಂಗಳ ರಿಯಾಯಿತಿ ಕೊಡುತ್ತಾರೆ. ಕೊನೆಯದಾಗಿ, ರದ್ದು ಮಾಡಿದರೆ ಹಣ ವಾಪಸ್ ಬರುವಂಥ ಮನೆಯನ್ನೇ ಹಿಡಿಯಿರಿ. ವೀಸಾ ಇನ್ನೂ ಕೈಗೆ ಬಂದಿಲ್ಲ ಅಲ್ವಾ?

ವೀಸಾ

ಬೇಕಾಗಿರುವುದು ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ. ಶುಲ್ಕ ದೊಡ್ಡವರಿಗೆ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನದವರೆಗೆ ಕಾಯಬೇಡಿ. 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಉಳಿಯುವ ಜಾಗದ ಬುಕಿಂಗ್ ಇದ್ದರೆ ದಿನಕ್ಕೆ 65 ಯೂರೊ, ಇಲ್ಲದಿದ್ದರೆ 120 ಯೂರೊ ನಿಮ್ಮ ಹತ್ತಿರ ಇದೆ ಎಂದು ಫ್ರಾನ್ಸ್‌ಗೆ ತೋರಿಸಬೇಕು. ಮನೆ ಮೊದಲು ಅಂದಿದ್ದು ಇದಕ್ಕೂ ಸೇರಿಸಿ. ಅರ್ಜಿ ಹಾಕುವ ಹಿಂದಿನ ದಿನ ಯಾರಿಂದಲೋ ಸಾಲ ತಂದು ಖಾತೆಗೆ ಹಾಕುವ ಅಡ್ಡದಾರಿ ಬೇಡವೇ ಬೇಡ. ಸ್ಟೇಟ್‌ಮೆಂಟ್‌ನಲ್ಲಿ ಅದು ಎದ್ದು ಕಾಣುತ್ತದೆ.

ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಸ್ಟಿಕರ್ ಕೈಗೆ ಬಂದ ಮೇಲೆ ಸರಿಯಾಗಿ ಓದಿ. ಅದರಲ್ಲಿ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಅಂತ ಎರಡು ತಾರೀಖು ಇರುತ್ತವೆ. ಬೇರೆ ಕಡೆ ‘ದ್ಯುರೆ ದ್ಯು ಸೆಜೂರ್’ ಅಂತ ಬರೆದು ಒಂದು ಸಂಖ್ಯೆ ಹಾಕಿರುತ್ತಾರೆ. ನೀವು ಇರಬಹುದಾದ ದಿನ ಆ ಸಂಖ್ಯೆಯಷ್ಟೇ. ತಾರೀಖುಗಳ ನಡುವೆ 45 ದಿನ ಇದ್ದು ಸಂಖ್ಯೆ 30 ಇದ್ದರೆ, 30 ದಿನಕ್ಕೆ ಹೊರಡಲೇಬೇಕು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ.

ವೀಸಾ ಬಂದ ಮೇಲೆ ವಿಮಾನದ ಟಿಕೆಟ್ ಕೊಳ್ಳಿ.

ಪಾಸ್

ಅಲ್ಲಿನ ತಿಂಗಳ ಪಾಸಿನ ಹೆಸರು ನಾವಿಗೊ. 2025ರ ದರ 88.80 ಯೂರೊ. ಬಿಡಿ ಮೆಟ್ರೊ ಟಿಕೆಟ್ ಆ ವರ್ಷ 2.50, ವಿಮಾನ ನಿಲ್ದಾಣದ್ದು 13 ಯೂರೊ. ದಿನಕ್ಕೆರಡು ಸಲ ಓಡಾಡಿದರೂ 18 ದಿನಕ್ಕೆ ಪಾಸಿನ ಹಣ ಬಂದಂತೆಯೇ. ವಿಮಾನ ನಿಲ್ದಾಣವೂ ಅದರಲ್ಲೇ ಸೇರಿದೆ. ಆದರೆ ಇದು ಕೊಂಡ ದಿನದಿಂದ 30 ದಿನ ನಡೆಯುವ ಪಾಸ್ ಅಲ್ಲ. 1ನೇ ತಾರೀಖಿಗೆ ಶುರು, ತಿಂಗಳ ಕೊನೆಗೆ ಮುಕ್ತಾಯ. ವಾರದ ಪಾಸೂ ಹಾಗೆಯೇ, ಸೋಮವಾರದಿಂದ ಭಾನುವಾರ. ಮಧ್ಯದಲ್ಲಿ ಇಳಿದವರು ಸುಮ್ನೆ ಕಳೆದುಕೊಳ್ಳುತ್ತಾರೆ. ಪಾಸಿನ ಕಾರ್ಡಿಗೆ ಫೋಟೊ ಅಂಟಿಸಬೇಕಾಗುತ್ತದೆ, ಚಿಕ್ಕ ಫೋಟೊ ಊರಿನಿಂದಲೇ ಒಯ್ಯಿರಿ. ‘ಪ್ಯಾರಿಸ್ ವಿಜಿತ್’ ಅನ್ನುವ ಪ್ರವಾಸಿ ಪಾಸ್ ನಾಲ್ಕೈದು ದಿನದವರಿಗೆ. ನಿಮಗೆ ಅದು ದಂಡ.

ಅಡುಗೆ

ಇಂಡಕ್ಷನ್ ತಳದ ಎರಡು ಲೀಟರ್ ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡಾ, ಹಾಲಿನ ಯಾವ ಪದಾರ್ಥವನ್ನೂ ಒಯ್ಯುವಂತಿಲ್ಲ. ಹಾಗೇ ಹಸಿ ಸೊಪ್ಪು, ತರಕಾರಿಯೂ ಬೇಡ. ಲಾ ಶಪೆಲ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಶ್ರೀಲಂಕಾ ತಮಿಳರ ಅಂಗಡಿಗಳ ಸಾಲೇ ಇದೆ. ಅಕ್ಕಿ, ತೊಗರಿಬೇಳೆ, ನುಗ್ಗೆಕಾಯಿ, ಕರಿಬೇವು ಎಲ್ಲ ಸಿಗುತ್ತದೆ. ತರಕಾರಿಗೆ 12ನೇ ವಾರ್ಡಿನ ಅಲೀಗ್ರ್ ಸಂತೆ. ಸೋಮವಾರ ರಜೆ. ಮಧ್ಯಾಹ್ನ ಸಂತೆ ಏಳುವ ಹೊತ್ತಿಗೆ ಹೋದರೆ ಟೊಮೆಟೊವನ್ನು ಬುಟ್ಟಿ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಹೋಟೆಲ್‌ನಲ್ಲಿ ‘ಕರಾಫ್ ದೊ’ ಅಂತ ಕೇಳಿ, ಹೂಜಿ ನೀರು ಪುಕ್ಕಟೆ. ಬಾಟಲಿ ನೀರಿಗೆ ಬಿಲ್ ಬರುತ್ತದೆ.

ನೋಡುವುದು

ಕಾರ್ನವಾಲೆ, ಪೆತಿ ಪಲೆಯಂಥ ನಗರಾಡಳಿತದ ಮ್ಯೂಸಿಯಂಗಳ ಶಾಶ್ವತ ಸಂಗ್ರಹ ವರ್ಷವಿಡೀ ಉಚಿತ. ಓರ್ಸೆ ಮ್ಯೂಸಿಯಂ ತಿಂಗಳ ಮೊದಲ ಭಾನುವಾರ ಉಚಿತ, ಸಮಯ ಮೊದಲೇ ಕಾಯ್ದಿರಿಸಬೇಕು. ಟಿಕೆಟ್ ಕೊಡುವ ಜಾಗ ವಾರಕ್ಕೊಂದು ಸಾಕು. ಗಂಟೆ ಲೆಕ್ಕದ ಮ್ಯೂಸಿಯಂ ಪಾಸ್ ಓಡೋಡಿ ನೋಡುವವರಿಗೆ. ಕಾರ್ಡ್ ಉಜ್ಜುವಾಗ ಮೆಷಿನ್ ‘ರೂಪಾಯಿಯಾ, ಯೂರೊನಾ’ ಅಂತ ಕೇಳಿದರೆ ಯಾವಾಗಲೂ ಯೂರೊ ಒತ್ತಿ.

ವಾಪಸ್ ವಿಮಾನ ತಿಂಗಳ ಕೊನೆಯ ದಿನದ ಸಂಜೆಯ ಒಳಗಿನದ್ದಾಗಿರಲಿ. ನಮ್ಮ ಎರಡನೇ ಸಲದ ವಿಮಾನ ಡಿಸೆಂಬರ್ 1ರ ಬೆಳಗ್ಗೆ ಇತ್ತು. ನಸುಕಿನಲ್ಲಿ ನಿಲ್ದಾಣದ ಗೇಟಿಗೆ ಪಾಸ್ ಹಿಡಿದರೆ ಕೆಂಪು ದೀಪ. ವಿಮಾನ ನಿಲ್ದಾಣಕ್ಕೆ ಇಬ್ಬರಿಗೂ ಬೇರೆ ಟಿಕೆಟ್ ಕೊಳ್ಳಬೇಕಾಯಿತು.