ಹೋಗೋಕೆ ಎರಡೂವರೆ ಗಂಟೆ, ಬರೋಕೆ ಐದೂಕಾಲು! ವಿಮಾನದ ಲೆಕ್ಕ ಹಾಕೋದು ಹೀಗೆ

ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆ ಅಜ್ಜಿ ಮಗನನ್ನು ನೋಡಲು ದುಬೈಗೆ ಹೊರಟಿದ್ದರು. ಟಿಕೆಟ್ ಹಿಡಿದು ಬಂದು ಕೇಳಿದರು: ‘ಹತ್ತಕ್ಕೆ ಹೊರಟ್ರೆ ಹನ್ನೆರಡೂವರೆಗೆ ದುಬೈ. ಬರುವಾಗ ಹತ್ತಕ್ಕೆ ಹೊರಟ್ರೆ ಮೂರೂಕಾಲು. ಯಾಕಪ್ಪಾ, ಬರುವಾಗ ನಂದಿಬೆಟ್ಟ ಹತ್ತಿ ಬರ್ತದಾ?’

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿ ಹನ್ನೆರಡೂವರೆ ಅಂದರೆ ಇಲ್ಲಿ ಎರಡು. ಅಂದರೆ ಪ್ರಯಾಣ ನಾಲ್ಕು ಗಂಟೆ. ಬರುವಾಗ ಐದೂಕಾಲರಲ್ಲಿ ಅದೇ ಒಂದೂವರೆ ಕಳೆಯಿರಿ, ಮೂರೂಮುಕ್ಕಾಲು. ಉಳಿದ ಹದಿನೈದು ನಿಮಿಷದ ವ್ಯತ್ಯಾಸ ಗಾಳಿಯದ್ದು. ಮುಖ್ಯವಾಗಿ ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸಿ, ಬರುವ ವಿಮಾನವನ್ನು ಬೆನ್ನ ಹಿಂದಿನಿಂದ ತಳ್ಳುತ್ತದೆ.

ಈಗ ದೂರ. ರಸ್ತೆಯ ಕಿಲೋಮೀಟರ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಫೋನಿನ ಮ್ಯಾಪ್ ತೆರೆದು ಕೆಂಪೇಗೌಡ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು ಅಕ್ಷಾಂಶ, ಸುಮಾರು 13.2. ದೆಹಲಿ ನಿಲ್ದಾಣದ್ದು 28.55. ಎರಡನೇ ಅಂಕಿ, ಅಂದರೆ ರೇಖಾಂಶ, ಎರಡೂ ಕಡೆ 77ರ ಆಸುಪಾಸು. ದೆಹಲಿ ನಮಗೆ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕಿದೆ ಅಂತಾಯಿತು. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. 15.35ನ್ನು 111ರಿಂದ ಗುಣಿಸಿ, ಸುಮಾರು 1,700 ಕಿ.ಮೀ. ಸುಮ್ನೆ ಕಾಗದದ ಚೂರಿನಲ್ಲೇ ಮುಗಿಯುತ್ತದೆ, ಅಲ್ವಾ?

ಓರೆಯಾಗಿರುವ ಊರುಗಳಿಗೆ ಇದು ನಡೆಯುವುದಿಲ್ಲ. ಅದಕ್ಕೆ ಗೂಗಲ್ ಮ್ಯಾಪ್‌ನಲ್ಲಿ ದೂರ ಅಳೆಯುವ ಸೌಲಭ್ಯ ಇದೆ; ದುಬೈಗೆ ಸುಮಾರು 2,700 ಕಿ.ಮೀ. ತೋರಿಸುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಹಿಡಿಯಿರಿ. ಅದೇ ದಾರವನ್ನು ಭೂಮಧ್ಯರೇಖೆಯ ಮೇಲಿಟ್ಟು, ಸುತ್ತಿನ ಎಷ್ಟನೇ ಪಾಲು ಅಂತ ನೋಡಿ. ಆ ಇಡೀ ಸುತ್ತು ಸುಮಾರು 40,000 ಕಿ.ಮೀ. ಗೋಡೆಯ ನಕಾಶೆ ಮೇಲೆ ಮಾತ್ರ ಸ್ಕೇಲ್ ಇಡಬೇಡಿ, ದೂರದ ಊರಿಗೆ ಅದು ಮೋಸ ಮಾಡುತ್ತದೆ.

ದೂರ ಸಿಕ್ಕ ಮೇಲೆ ಗಂಟೆಗೆ 800 ಕಿ.ಮೀ. ಎಂದು ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ದೆಹಲಿಗೆ ಎರಡು ಗಂಟೆ ನಲವತ್ತು ನಿಮಿಷ ಬರುತ್ತದೆ. ಟಿಕೆಟ್‌ನಲ್ಲಿ ಇನ್ನೂ ಐದು ಹತ್ತು ನಿಮಿಷ ಜಾಸ್ತಿ ಇರಬಹುದು. ವಿಮಾನ ನಿಂತ ಜಾಗ ಬಿಟ್ಟು ರನ್‌ವೇವರೆಗೆ ತೆವಳುವ ಹೊತ್ತೂ ಅದರಲ್ಲೇ ಸೇರಿರುತ್ತದೆ.

ಇನ್ನು ಮನೆಯಿಂದ ಹೊರಡುವ ಲೆಕ್ಕ. ನಮ್ಮೂರಿನಿಂದ ನಿಲ್ದಾಣಕ್ಕೆ ಸುಮಾರು 30 ಕಿ.ಮೀ. ಬೆಂಗಳೂರಿನ ಎಷ್ಟೋ ಜನರಿಗಿಂತ ನಾವೇ ಹತ್ತಿರ! ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಭಾನುವಾರ ಬೆಳಗ್ಗೆ ಮಾತ್ರ ಹುಷಾರು. ನಂದಿಬೆಟ್ಟ ಇಳಿದು ಬೆಂಗಳೂರಿಗೆ ಮರಳುವ ಕಾರುಗಳೆಲ್ಲ ನಮ್ಮ ಹೆದ್ದಾರಿಗೇ ಬರುತ್ತವೆ. ದೇಶದೊಳಗಿನ ವಿಮಾನವಾದರೆ ಎರಡು ಗಂಟೆ, ಹೊರದೇಶಕ್ಕಾದರೆ ಮೂರು ಗಂಟೆ ಮುಂಚೆ ಅಲ್ಲಿರಬೇಕು.

ಅಜ್ಜಿ ಆರಕ್ಕೇ ಮನೆ ಬಿಟ್ಟರು. ನಮ್ಮ ಗಡಿಯಾರದಲ್ಲಿ ಎರಡಕ್ಕೆ ಇಳಿದರು. ಒಟ್ಟು ಎಂಟು ಗಂಟೆ, ಅದರಲ್ಲಿ ವಿಮಾನದಲ್ಲಿ ಕೂತಿದ್ದು ಅರ್ಧ. ಕೈಗಡಿಯಾರವನ್ನು ಮಾತ್ರ ಅವರು ದುಬೈಯಲ್ಲೂ ತಿರುಗಿಸಲಿಲ್ಲವಂತೆ. ‘ಮಾತ್ರೆ ನುಂಗೋದು ಊರಿನ ಟೈಮಿಗೇ’ ಅಂದರಂತೆ.