ಫೋರ್ಕ್ ಸೀಲ್ ಎಷ್ಟು ಸಲ ಹಾಕಿದ್ರೂ ಆಯಿಲ್ ಲೀಕ್ ನಿಲ್ತಿಲ್ವಾ? ಪೈಪ್ ನೋಡಿ

ಫ್ರೆಂಡ್ಸ್, ಬೈಕ್‌ನ ಮುಂದಿನ ಫೋರ್ಕ್‌ಗೆ ಹೊಸ ಸೀಲ್ (ಆಯಿಲ್ ಹೊರಗೆ ಬರದ ಹಾಗೆ ತಡೆಯೋ ರಬ್ಬರ್ ರಿಂಗ್) ಹಾಕಿ ಸ್ವಲ್ಪ ದಿನಕ್ಕೇ ಮತ್ತೆ ಆಯಿಲ್ ಬರ್ತಿದ್ರೆ ತಪ್ಪು ಸೀಲ್‌ದು ಅಲ್ದೇ ಇರ್ಬಹುದು, ಸೀಲ್ ಒಳಗೆ ಜಾರೋ ಫೋರ್ಕ್ ಪೈಪ್ ಮೇಲಿನ ಕ್ರೋಮ್ ಎದ್ದಿರುತ್ತೆ. ಪೈಪ್ ಒರೆಸಿ ಉಗುರನ್ನ ಮೇಲಿಂದ ಕೆಳಗೆ ನಿಧಾನಕ್ಕೆ ಎಳೀರಿ, ಎಲ್ಲಿ ತಡೆಯುತ್ತೋ ಅಲ್ಲೇ ಸೀಲ್ ತುಟಿ ಹರಿಯೋದು. ಆ ಜಾಗ ಸೀಲ್ ಓಡಾಡೋ ಭಾಗದಲ್ಲಿ ಇಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ.

ಒಂದೆರಡು ಸಣ್ಣ ಗುಳಿ ಇದ್ರೆ ತುಕ್ಕು ತೆಗ್ದು, ಥಿನ್ನರ್‌ನಲ್ಲಿ ಒರೆಸಿ, ಎಪಾಕ್ಸಿ (ಗಟ್ಟಿಯಾಗೋ ಅಂಟು) ತುಂಬಿ ಪೂರ್ತಿ ಒಣಗಿದ್ಮೇಲೆ 1000, ಆಮೇಲೆ 2000 ನಂಬರ್ ವಾಟರ್ ಪೇಪರ್‌ನಲ್ಲಿ ಸಮ ಮಾಡಿ, ಉಗುರು ಜಾರಿ ಹೋಗ್ಬೇಕು ಅಷ್ಟೇ.

ಕ್ರೋಮ್ ಪದರವೇ ಏಳ್ತಿದ್ರೆ ಇದೆಲ್ಲ ನಡೆಯಲ್ಲ, ಹಾರ್ಡ್ ಕ್ರೋಮ್ (ದಪ್ಪ, ಗಟ್ಟಿ ಕ್ರೋಮ್ ಪ್ಲೇಟಿಂಗ್) ಮಾಡಿಸ್ಬೇಕು. ಬಂಪರ್‌ಗೆ ಹಾಕೋ ಹೊಳಪಿನ ಕ್ರೋಮ್ ತುಂಬಾ ತೆಳು, ಅದನ್ನ ಇದಕ್ಕೆ ದಯವಿಟ್ಟು ಹಾಕಿಸ್ಬೇಡಿ. ಪ್ಲೇಟಿಂಗ್‌ಗೆ ಕೊಡೋ ಮುಂಚೆ ಪೈಪ್ ಬೆಂಡ್ ಇದ್ಯಾ ಅಂತ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಸವೆಯದ ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ಅಳತೆ ಬರ್ಕೊಳ್ಳಿ, ಪ್ಲೇಟಿಂಗ್ ಆದ್ಮೇಲೆ ಅದೇ ಅಳತೆಗೆ ಗ್ರೈಂಡ್ ಮಾಡ್ಕೊಡಿ ಅಂತ ಬಾಯ್ಬಿಟ್ಟು ಹೇಳಿ, ಇಲ್ಲಾಂದ್ರೆ ಪೈಪ್ ಜಾರೋ ಬುಷ್ ಟೈಟ್ ಆಗುತ್ತೆ.

ಲೀಕ್ ಇಟ್ಕೊಂಡು ಮಾತ್ರ ಓಡಿಸ್ಬೇಡಿ, ಆಯಿಲ್ ಇಳಿದು ಬ್ರೇಕ್ ಪ್ಯಾಡ್‌ಗೆ ತಾಗಿದ್ರೆ ಮುಂದಿನ ಬ್ರೇಕೇ ಹಿಡಿಯಲ್ಲ.