ಮೇಲ್ ಸರ್ವರ್‌ನಲ್ಲಿ ಫೇಲ್‌ಟುಬ್ಯಾನ್: ಭಾರ ಇಳಿಸಿಕೊಂಡ ಬಗೆ

ಪತ್ರಗಳನ್ನು ಕಳಿಸಿ ಪಡೆಯುವ ಪೋಸ್ಟ್‌ಫಿಕ್ಸ್ ಮತ್ತು ಅಂಚೆಪೆಟ್ಟಿಗೆ ಹಾಗೂ ಪಾಸ್‌ವರ್ಡ್ ಪರಿಶೀಲನೆ ನೋಡಿಕೊಳ್ಳುವ ಡವ್‌ಕಾಟ್ ನಡೆಯುವ, ಕಡಿಮೆ ಮೆಮೊರಿಯ ಸರ್ವರೊಂದನ್ನು ನಾನು ನೋಡಿಕೊಳ್ಳುತ್ತೇನೆ. ಪಾಸ್‌ವರ್ಡ್ ಊಹಿಸಿ ಒಳನುಗ್ಗಲು ಯತ್ನಿಸುವ ಐಪಿ ವಿಳಾಸಗಳನ್ನು ಲಾಗ್ (ಸೇವೆಗಳು ಬರೆದಿಡುವ ದಾಖಲೆ) ಓದಿ ತಡೆಯುವ ಕೆಲಸವನ್ನು ಅದರಲ್ಲಿ ಫೇಲ್‌ಟುಬ್ಯಾನ್ ಮಾಡುತ್ತದೆ. ದಾಳಿ ಹೆಚ್ಚಿದಾಗ ಮೇಲ್ ಸೇವೆಗಳಿಗಿಂತ ಇದೇ ಹೆಚ್ಚು ಸಿಪಿಯು ಬಳಸುತ್ತಿದ್ದುದರಿಂದ, ಆ ಖರ್ಚು ಎಲ್ಲೆಲ್ಲಿ ಆಗುತ್ತಿದೆಯೆಂದು ಹುಡುಕಿದೆ.

ಪೈಥಾನ್‌ನಲ್ಲಿ ಬರೆದ ಈ ತಂತ್ರಾಂಶದಲ್ಲಿ ಪ್ರತಿಯೊಂದು ಜೈಲ್ (ಒಂದು ಸೇವೆಯ ಮೇಲೆ ಕಣ್ಣಿಡುವ ನಿಯಮಗಳ ಗುಂಪು) ತನ್ನ ಲಾಗನ್ನು ತಾನೇ ಓದುತ್ತದೆ. ಒಂದೇ ಮೇಲ್ ಲಾಗನ್ನು ಎರಡು ಜೈಲ್‌ಗಳು ನೋಡುತ್ತಿದ್ದರೆ, ಸುರಕ್ಷಿತವಾಗಿ ತಲುಪಿದ ಪತ್ರದ ಸಾಲು ಕೂಡ ಎರಡೂ ಕಡೆಯ ರೆಜೆಕ್ಸ್‌ಗಳ (ಪಠ್ಯದ ಮಾದರಿ ಹುಡುಕುವ ಸೂತ್ರಗಳ) ಪರೀಕ್ಷೆಗೆ ಒಳಗಾಗುತ್ತದೆ. ಎಂದರೆ ಖರ್ಚು ಬೆಳೆಯುವುದು ದಾಳಿಕೋರರ ಸಂಖ್ಯೆಗಿಂತ ಸಾಲುಗಳ ಸಂಖ್ಯೆಗೆ ಅನುಗುಣವಾಗಿ. ಆದ್ದರಿಂದ ಡವ್‌ಕಾಟ್‌ಗೆ ಪ್ರತ್ಯೇಕ ಲಾಗ್ ಕೊಟ್ಟು, ಅದರ ಡೀಬಗ್ ಸಾಲುಗಳನ್ನು ನಿಲ್ಲಿಸಿ, ಬೇಡದ ಜೈಲ್‌ಗಳನ್ನು ತೆಗೆದೆ.

ಆದರೆ ನಿಜವಾದ ಉಳಿತಾಯವಿರುವುದು ಸಾಲು ಹುಟ್ಟದಂತೆ ನೋಡಿಕೊಳ್ಳುವುದರಲ್ಲಿ. ಬೇರೆ ಸರ್ವರ್‌ಗಳು ಪತ್ರ ತಲುಪಿಸಲು ಬರುವ 25ನೇ ಪೋರ್ಟ್‌ನಲ್ಲಿ ಲಾಗಿನ್ ಸೌಲಭ್ಯದ ಅಗತ್ಯವೇ ಇಲ್ಲ. ಅದನ್ನು ಅಲ್ಲಿ ಮುಚ್ಚಿ, ಬಳಕೆದಾರರಿಗೆ 587 ಮತ್ತು 465ರಲ್ಲಿ ಮಾತ್ರ ಉಳಿಸಿದೆ. ಈಗ 25ರಲ್ಲಿ ಪಾಸ್‌ವರ್ಡ್ ಪ್ರಯತ್ನಿಸುವವರು ಡವ್‌ಕಾಟ್‌ವರೆಗೆ ತಲುಪುವುದೇ ಇಲ್ಲ. ಪಾಸ್‌ವರ್ಡನ್ನು ಗುಪ್ತರೂಪದಲ್ಲಿ ಇಡುವ ಬಿಕ್ರಿಪ್ಟ್‌ನಂತಹ ಹ್ಯಾಷ್‌ಗಳನ್ನು ಉದ್ದೇಶಪೂರ್ವಕವಾಗಿಯೇ ನಿಧಾನವಾಗಿ ರೂಪಿಸಿರುವುದರಿಂದ, ಪ್ರತಿ ಪರಿಶೀಲನೆಗೂ ಸಿಪಿಯು ಖರ್ಚಾಗುತ್ತದೆ; ಹಾಗಾಗಿ ಈ ಉಳಿತಾಯ ಸಣ್ಣದಲ್ಲ. ಜೊತೆಗೆ, ಪೋಸ್ಟ್‌ಫಿಕ್ಸ್ 2.8ರಿಂದ ಲಭ್ಯವಿರುವ, ಬರುವ ಸಂಪರ್ಕಗಳನ್ನು ಮೊದಲೇ ಜರಡಿ ಹಿಡಿಯುವ ಪೋಸ್ಟ್‌ಸ್ಕ್ರೀನನ್ನು 25ನೇ ಪೋರ್ಟ್‌ನ ಮುಂದೆ ನಿಲ್ಲಿಸಿದೆ. ಒಂದೇ ಪ್ರೊಸೆಸ್ ಅನೇಕ ಸಂಪರ್ಕಗಳನ್ನು ಪರೀಕ್ಷಿಸುವುದರಿಂದ, ಮೂಲ ಮಿತಿಯಾದ 100 ಎಸ್‌ಎಂಟಿಪಿ (ಪತ್ರ ಸ್ವೀಕರಿಸುವ) ಪ್ರೊಸೆಸ್‌ಗಳು ನಿಜವಾದ ಪತ್ರಗಳಿಗೆ ಉಳಿಯುತ್ತವೆ.

ವಿಳಾಸಗಳನ್ನು ನಿಜವಾಗಿ ತಡೆಯುವ ಕರ್ನೆಲ್‌ನ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಕಡೆಗೆ ಬಂದರೆ, ವಿಳಾಸಕ್ಕೊಂದು ಐಪಿಟೇಬಲ್ಸ್ (ಫೈರ್‌ವಾಲ್) ನಿಯಮವಿದ್ದಾಗ ಹೊಸ ಪ್ಯಾಕೆಟ್ಟು ಅವುಗಳನ್ನು ಒಂದಾದ ಮೇಲೊಂದರಂತೆ ದಾಟಬೇಕು. ವಿಳಾಸಗಳನ್ನು ಒಂದೇ ಗುಂಪಾಗಿ ಇಡುವ ಐಪಿಸೆಟ್ ಬಳಸಿದರೆ ಸಾವಿರಾರು ವಿಳಾಸಗಳಿದ್ದರೂ ಒಂದೇ ಹುಡುಕಾಟ ಸಾಕು. ಒಂದು ಗುಂಪಿನ ಮೂಲ ಮಿತಿ 65536 ನಮೂದುಗಳು.

ತಡೆಯ ಅವಧಿಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೂಲದಲ್ಲಿ 10 ನಿಮಿಷವಿರುವ ಅವಧಿಯನ್ನು ಎಲ್ಲರಿಗೂ ವಾರಗಟ್ಟಲೆ ಹಿಗ್ಗಿಸಿದರೆ ಪಟ್ಟಿ ಉಬ್ಬುತ್ತದೆ, ಸೇವೆ ಮರುಚಾಲನೆಯಾದಾಗ ಡೇಟಾಬೇಸ್‌ನಿಂದ ಅಷ್ಟನ್ನೂ ಮತ್ತೆ ಹಾಕಬೇಕಾಗುತ್ತದೆ. 0.11ನೇ ಆವೃತ್ತಿಯಿಂದ ಬಂದಿರುವ, ಮರಳಿ ಬರುವವರಿಗೆ ಮಾತ್ರ ಅವಧಿ ಹೆಚ್ಚಿಸುವ ಆಯ್ಕೆಯೇ ಮೇಲು. ಅದಕ್ಕಾಗಿ ಹಳೆಯ ದಾಖಲೆಗಳನ್ನು ಒಂದೇ ದಿನಕ್ಕೆ ಅಳಿಸುವ ಡಿಬಿಪರ್ಜ್‌ಏಜ್ ಮೌಲ್ಯವನ್ನೂ ಹೆಚ್ಚಿಸಬೇಕು. ನೂರಾರು ವಿಳಾಸಗಳಿಂದ ಒಂದೊಂದೇ ಪ್ರಯತ್ನ ಮಾಡುವ ದಾಳಿ ಮಾತ್ರ ಈ ಎಣಿಕೆಗೆ ಸಿಗುವುದಿಲ್ಲ. ಅಲ್ಲಿ ನಾನು ಉದ್ದನೆಯ ಪಾಸ್‌ವರ್ಡ್‌ಗಳನ್ನೇ ಕಡ್ಡಾಯ ಮಾಡಿದ್ದೇನೆ.